ರಕ್ತನಾಳದ ಗೋಡೆಯೊಳಗೆ ಕೂತ ಕೊಬ್ಬು

ಎಲ್ಲರಿಗೂ ನಮಸ್ಕಾರ.

ಹೃದಯಾಘಾತವಾದವರ ಮನೆಯವರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಡಾಕ್ಟ್ರೇ, ಹೋದ ತಿಂಗಳಷ್ಟೇ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿದ್ವಿ. ಎಲ್ಲಾ ಸರಿಯಾಗಿದೆ ಅಂದ್ರು. ಈಗ ಹೀಗ್ಯಾಕಾಯ್ತು?" ಇವತ್ತು ಈ ಪ್ರಶ್ನೆಯನ್ನೇ ಹಿಡಿದು ಮಾತಾಡುತ್ತೇನೆ.

ಬೋರ್‌ವೆಲ್ ನೀರಿನ ಪೈಪಿನೊಳಗೆ ಸುಣ್ಣ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಕೊಬ್ಬೂ ಹಾಗೇ ರಕ್ತನಾಳದ ಒಳಮೈಗೆ ಮೆತ್ತಿಕೊಳ್ಳುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಅದು ಸೇರಿಕೊಳ್ಳುವುದು ಗೋಡೆಯ ಒಳಗೇ. ಈ ಕೊಬ್ಬಿನ ಹೆಸರು ಕೊಲೆಸ್ಟ್ರಾಲ್. ಅದು ವಿಷವೇನಲ್ಲ, ಪ್ರತಿ ಜೀವಕೋಶದ ಪೊರೆಗೂ ಬೇಕು. ಬಹುಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಎಣ್ಣೆಯ ಹಾಗೆ ನೀರಿನಲ್ಲಿ ಕರಗದ ವಸ್ತುವಾದ್ದರಿಂದ ರಕ್ತದಲ್ಲಿ ಪುಟ್ಟ ಕಣಗಳೊಳಗೆ ತುಂಬಿಕೊಂಡು ಓಡಾಡುತ್ತದೆ. ಎಲ್‌ಡಿಎಲ್ ಎಂಬ ಕಣಗಳು ಹೆಚ್ಚಾದಾಗ ನಾಳದ ಒಳಪದರ ದಾಟಿ ಗೋಡೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಬೀಡಿ, ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ ಆ ಪದರವನ್ನು ಕೆಡಿಸಿ ದಾರಿ ಸಲೀಸು ಮಾಡುತ್ತವೆ. ಬಿಳಿ ರಕ್ತಕಣಗಳು ಬಂದು ಈ ಕೊಬ್ಬನ್ನು ನುಂಗುತ್ತವೆ, ನುಂಗಿ ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ. ವರ್ಷಗಟ್ಟಲೆ ಹೀಗೇ ನಡೆದು ಕುರುವಿನಂಥದೊಂದು ಎದ್ದು ನಿಲ್ಲುತ್ತದೆ: ಒಳಗೆ ಮೆತ್ತನೆಯ ಕೊಬ್ಬು, ಮೇಲೊಂದು ಪೊರೆ.

ಇದು ಮುಪ್ಪಿನಲ್ಲಿ ಶುರುವಾಗುವುದಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ನೂರಕ್ಕೆ 77 ಮಂದಿಯ ನಾಳಗಳಲ್ಲಿ ಈ ರೋಗದ ಗುರುತಿತ್ತು. ಅವರ ಸರಾಸರಿ ವಯಸ್ಸು 22! ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಕ್ಕಳ ಮುಂದೆ ಕೊಲೆಸ್ಟ್ರಾಲ್ ಮಾತನ್ನೇ ಯಾರೂ ಎತ್ತುವುದಿಲ್ಲ.

ಈಗ ಆ ಪ್ರಶ್ನೆಗೆ ಬರೋಣ. ಟ್ರೆಡ್‌ಮಿಲ್ ಪರೀಕ್ಷೆಗೆ ಸಿಗುವುದು ರಕ್ತದ ಹರಿವಿಗೆ ಅಡ್ಡಿಯಾಗುವಷ್ಟು ಕಿರಿದಾದ ನಾಳ. ಅರ್ಧವಷ್ಟೇ ಮುಚ್ಚಿದ್ದರೆ ಅದು ಗೊತ್ತಾಗದೆ ಹೋಗಬಹುದು. ಆದರೆ ಆ ಸಣ್ಣ ಕುರುವಿನ ಪೊರೆ ತೆಳುವಾಗಿ ಒಂದು ದಿನ ಒಡೆದರೆ? ಗಾಯವಾಯಿತೆಂದು ದೇಹ ಅಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ಮೂರ್ನಾಲ್ಕು ಮಿಲಿಮೀಟರ್ ಅಗಲದ ನಾಳ ನಿಮಿಷಗಳಲ್ಲಿ ಮುಚ್ಚಿಹೋಗಬಹುದು. ಅದೇ ಹೃದಯಾಘಾತ.

"ಕೊಲೆಸ್ಟ್ರಾಲ್ ರಿಪೋರ್ಟ್ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ" ಎಂದು ಯಾರಾದರೂ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮತ್ತೆ ಮೊದಲಿನಷ್ಟೇ ಆಗುತ್ತದೆ. ಈ ಮಾತ್ರೆಯ ಹೆಸರು ಸ್ಟಾಟಿನ್. ಅದು ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಗ್ಗಿಸುತ್ತದೆ, ಲಿವರು ರಕ್ತದಿಂದ ಎಲ್‌ಡಿಎಲ್ ಅನ್ನು ಹೆಚ್ಚಾಗಿ ಎಳೆದುಕೊಳ್ಳುತ್ತದೆ, ಕುರುವಿನ ಪೊರೆ ಗಟ್ಟಿಯಾಗುತ್ತದೆ. ನಾರ್ಡಿಕ್ ದೇಶಗಳ 4,444 ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಸ್ಟಾಟಿನ್ ತೆಗೆದುಕೊಂಡವರಲ್ಲಿ ಸಾವು ಶೇ. 30ರಷ್ಟು ಕಡಿಮೆಯಾಗಿತ್ತು. ಮೈಕೈ ನೋವು ಬಂದರೆ ನಮಗೆ ಹೇಳಿ, ಡೋಸ್ ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು. ನೀವೇ ನಿಲ್ಲಿಸಬೇಡಿ.

ಇನ್ನೊಂದು ವಿಷಯ. ಲ್ಯಾಬಿನವರು ಹಾಳೆಯ ಬದಿಯಲ್ಲಿ ಎಲ್‌ಡಿಎಲ್ 100ರವರೆಗೆ ಸರಿ ಎಂದು ಅಚ್ಚು ಹಾಕಿರುತ್ತಾರೆ. ಈಗಾಗಲೇ ಹೃದ್ರೋಗ ಇರುವವರಿಗೆ, ನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡವರಿಗೆ ಆ ಲೆಕ್ಕ ಸಾಲದು. ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು. ರಿಪೋರ್ಟ್ ತಂದಿರುವವರು ತೆಗೆಯಿರಿ, ಆ ಸಾಲು ಎಲ್ಲಿದೆ ಎಂದು ಒಬ್ಬೊಬ್ಬರಿಗೂ ತೋರಿಸುತ್ತೇನೆ.