ತಪ್ಪಿಗೂ ಒಂದು ಲೆಕ್ಕ ಇರುತ್ತದೆ: ಆರನೇ ತರಗತಿಯ ಒಂದು ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಕೇರಳದ ಕ್ರಮದಲ್ಲಿ ಐದರಿಂದ ಏಳನೇ ತರಗತಿಯ ತನಕ ಯುಪಿ, ಅಂದರೆ ಅಪ್ಪರ್ ಪ್ರೈಮರಿ ವಿಭಾಗ. ನಾಲ್ಕರ ತನಕ ಹೆಚ್ಚಿನ ಪಾಠಗಳನ್ನೆಲ್ಲ ಒಬ್ಬರೇ ಟೀಚರು ನೋಡಿಕೊಳ್ಳುತ್ತಾರೆ. ಐದಕ್ಕೆ ಬಂದ ಮೇಲೆ ಪೀರಿಯಡಿಗೊಬ್ಬರು ಬರತೊಡಗುತ್ತಾರೆ, ಹಿಂದಿಯೂ ಅಲ್ಲೇ ಶುರುವಾಗುತ್ತದೆ. ನಮ್ಮ ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಇದರ ಜತೆಗೆ ಇನ್ನೊಂದು ಸಂಗತಿ ಇದೆ. ಒಂದೇ ಬೆಂಚಿನಲ್ಲಿ ಕುಳಿತ ನಾಲ್ವರು ಮಕ್ಕಳಲ್ಲಿ ಒಬ್ಬನ ಮನೆಮಾತು ತುಳು, ಇನ್ನೊಬ್ಬಳದು ಬ್ಯಾರಿ, ಮತ್ತೊಬ್ಬಳದು ಮಲೆಯಾಳ, ನಾಲ್ಕನೆಯವನದು ಹವ್ಯಕ ಕನ್ನಡವೋ ಮರಾಠಿಯೋ ಕೊಂಕಣಿಯೋ ಆಗಿರಬಹುದು. ಇಂಥ ಆರನೇ ತರಗತಿಯಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಪಾಠ ಹೇಗೆ ಸಾಗಬೇಕು, ಎಲ್ಲಿ ಎಡವುತ್ತದೆ ಎಂಬುದನ್ನು ಇವತ್ತು ನೋಡೋಣ. ಮಗು ಸುಮ್ಮನೆ ತಪ್ಪು ಮಾಡುವುದಿಲ್ಲ. ಅದಕ್ಕೆ ಅದರದೇ ಒಂದು ಲೆಕ್ಕಾಚಾರ ಇರುತ್ತದೆ. ಆ ಲೆಕ್ಕಾಚಾರ ಏನೆಂದು ತಿಳಿಯದೆ ತಿದ್ದಿದರೆ ತಪ್ಪು ಮರುದಿನ ಮತ್ತೆ ಹಾಜರು.

ಮೊದಲ ಪೀರಿಯಡ್ ಗಣಿತ ಎಂದಿಟ್ಟುಕೊಳ್ಳಿ. ಪಾಠ, ಭಿನ್ನರಾಶಿಗಳನ್ನು ಕೂಡಿಸುವುದು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಎಷ್ಟು ಎಂದು ಬೋರ್ಡಿನಲ್ಲಿ ಬರೆದರೆ, ತರಗತಿಯ ಅನೇಕ ಮಕ್ಕಳು ಐದನೇ ಎರಡು ಎಂದು ಬರೆಯುತ್ತಾರೆ. ಮೇಲಿನ ಒಂದಕ್ಕೆ ಒಂದು ಸೇರಿ ಎರಡು, ಕೆಳಗಿನ ಎರಡಕ್ಕೆ ಮೂರು ಸೇರಿ ಐದು. ಆ ತನಕ ಕಲಿತ ಕೂಡಿಸುವ ಲೆಕ್ಕದಲ್ಲೆಲ್ಲ ಕಂಡ ಸಂಖ್ಯೆಗಳನ್ನು ಸೇರಿಸಿದರೆ ಉತ್ತರ ಸರಿ ಬಂದಿತ್ತು. ಇಲ್ಲಿಯೂ ಅದನ್ನೇ ಮಾಡಿದ್ದಾರೆ. ಅಂಶ ಬೇರೆ ಒಂದು ಸಂಖ್ಯೆ, ಛೇದ ಬೇರೆ ಒಂದು ಸಂಖ್ಯೆ ಎಂದು ಅವರು ನೋಡುತ್ತಿದ್ದಾರೆ. ಎರಡೂ ಸೇರಿ ಒಂದೇ ಅಳತೆಯನ್ನು ಹೇಳುತ್ತವೆ ಎಂಬುದು ಇನ್ನೂ ಮನಸ್ಸಿಗೆ ಹೋಗಿಲ್ಲ. ಆ ಹೊತ್ತಿಗೆ ಸಮಛೇದದ ಸೂತ್ರ ಹೇಳಿಕೊಟ್ಟರೆ ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಎರಡು ವಾರದಲ್ಲಿ ಮರೆಯುತ್ತದೆ.

ಸೂತ್ರಕ್ಕೆ ಮೊದಲು ಕಾಗದದ ಪಟ್ಟಿ ಬರಲಿ. ಹಳೆ ಕ್ಯಾಲೆಂಡರಿನ ದಪ್ಪ ಹಾಳೆಯಿಂದ 12 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಕತ್ತರಿಸಬೇಕು, ಮಗುವಿಗೆ ಮೂರರಂತೆ. ಹನ್ನೆರಡೇ ಯಾಕೆಂದರೆ ಅದನ್ನು ಎರಡು, ಮೂರು, ನಾಲ್ಕು, ಆರು ಭಾಗ ಮಾಡಿದಾಗಲೂ ಪೂರ್ಣ ಸೆಂಟಿಮೀಟರೇ ಸಿಗುತ್ತದೆ. ಮೊದಲ ಪಟ್ಟಿಯಲ್ಲಿ ಅರ್ಧ, ಅಂದರೆ 6 ಸೆಂಟಿಮೀಟರಿಗೆ ಬಣ್ಣ. ಎರಡನೆಯದರಲ್ಲಿ ಮೂರನೇ ಒಂದು, ಅಂದರೆ 4 ಸೆಂಟಿಮೀಟರಿಗೆ ಬಣ್ಣ. ಬಣ್ಣದ ತುಂಡುಗಳನ್ನು ಕತ್ತರಿಸಿ ಮೂರನೇ ಪಟ್ಟಿಯ ಮೇಲೆ ಒಂದರ ಪಕ್ಕ ಒಂದು ಇಡಲಿ. ಹನ್ನೆರಡರಲ್ಲಿ ಹತ್ತು ತುಂಬುತ್ತದೆ. ಹನ್ನೆರಡನೇ ಹತ್ತು ಎಂದರೆ ಆರನೇ ಐದು.

ಐದನೇ ಎರಡು ಬರೆದ ಮಗುವಿಗೆ ಈಗ ಒಂದು ಪ್ರಶ್ನೆ: "ನಿನ್ನ ಉತ್ತರ ಇದೇ ಪಟ್ಟಿಯಲ್ಲಿ ಎಷ್ಟು ಉದ್ದ?" ಹನ್ನೆರಡನ್ನು ಐದರಿಂದ ಭಾಗಿಸಿ ಎರಡರಿಂದ ಗುಣಿಸಿದರೆ 4.8 ಸೆಂಟಿಮೀಟರ್. ಅರ್ಧವೇ 6 ಸೆಂಟಿಮೀಟರ್ ಇತ್ತು. ಅದಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಈ ಪ್ರಶ್ನೆ ಕೇಳಿ ಸುಮ್ಮನಿರಬೇಕು. ಮಗು ಪಟ್ಟಿಯನ್ನು ಮತ್ತೊಮ್ಮೆ ನೋಡಲು ಒಂದೆರಡು ನಿಮಿಷ ಬೇಕು. ಆ ಒಂದೆರಡು ನಿಮಿಷವನ್ನು ಟೀಚರು ಮಾತಿನಿಂದ ತುಂಬಿಸದಿದ್ದರೆ ಅರ್ಧ ಪಾಠ ಮುಗಿದಂತೆ.

ಈ ಕೆಲಸದಲ್ಲಿ ಕೈಕೊಡುವುದು ಎರಡು ಕಡೆ. ಪಟ್ಟಿಯನ್ನು ಕೈಯಿಂದ ಮಡಚಿ ಮೂರು ಪಾಲು ಮಾಡಲು ಹೊರಟರೆ ಪಾಲುಗಳು ಸಮ ಬರುವುದಿಲ್ಲ, ಹಾಗಾಗಿ ಸ್ಕೇಲಿನಿಂದ ಅಳೆದೇ ಗುರುತು ಹಾಕಿಸಬೇಕು. ಇನ್ನೊಂದು ತೊಂದರೆ ಸ್ಕೇಲಿನದ್ದೇ. ಮಕ್ಕಳ ಪೆಟ್ಟಿಗೆಯ ಹಳೆ ಸ್ಕೇಲುಗಳ ತುದಿ ಸವೆದಿರುತ್ತದೆ ಅಥವಾ ಮುರಿದಿರುತ್ತದೆ, ಸೊನ್ನೆಯ ಗೆರೆ ಇರುವುದಿಲ್ಲ. ಮಗು ಒಂದರ ಗೆರೆಯಿಂದ ಶುರು ಮಾಡಿ ನಾಲ್ಕಕ್ಕೆ ಗುರುತು ಹಾಕುತ್ತದೆ. ಸಿಕ್ಕಿದ್ದು ಮೂರೇ ಸೆಂಟಿಮೀಟರ್. ಆಮೇಲೆ ತುಂಡುಗಳು ಸೇರದಿದ್ದಾಗ ಭಿನ್ನರಾಶಿ ಕಷ್ಟ ಎಂದುಕೊಳ್ಳುತ್ತದೆ. ಪಾಠ ಶುರುವಾಗುವ ಮೊದಲೇ ಸ್ಕೇಲುಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಒಂದರಿಂದ ಶುರು ಮಾಡಿದರೆ ಐದರ ತನಕ ಹೋಗಬೇಕು ಎಂದು ತೋರಿಸಿಕೊಡಿ.

ಎರಡನೇ ಪೀರಿಯಡ್ ಕನ್ನಡ. ಉಕ್ತಲೇಖನದಲ್ಲಿ 'ಸೂರ್ಯ' ಎಂದು ಹೇಳಿದರೆ 'ಸೂಯ್ರ' ಎಂದು ಬರೆಯುವ ಮಕ್ಕಳಿದ್ದಾರೆ, 'ಚಕ್ರ' ಎಂದರೆ 'ಚರ್ಕ' ಬರೆಯುವವರೂ ಇದ್ದಾರೆ. ಇದನ್ನು ಅಜಾಗರೂಕತೆ ಎಂದು ಹತ್ತು ಸಲ ಕಾಪಿ ಬರೆಸಿದರೆ ಪ್ರಯೋಜನ ಕಡಿಮೆ. ಅರ್ಕಾವೊತ್ತಿನಲ್ಲಿ ಬಾಯಿಗೆ ಮೊದಲು ಬರುವ ರಕಾರ ಬರಹದಲ್ಲಿ ಕೊನೆಗೆ ಬರುತ್ತದೆ. ರಕಾರದ ಒತ್ತಿನಲ್ಲಿ ಹಾಗಲ್ಲ, ಬಾಯಿಯ ಕ್ರಮವೇ ಬರಹದ ಕ್ರಮ. ಇವೆರಡು ಮಗುವಿನ ಕೈಯಲ್ಲಿ ಕಲಸಿಹೋಗಿವೆ.

ಬಿಡಿಸುವ ದಾರಿ ಕೈತಟ್ಟುವುದು. ಪದವನ್ನು ಎರಡು ತಟ್ಟಿಗೆ ಒಡೆದು ಹೇಳಿಸಿ: ಸೂರ್, ಯ. ರಕಾರ ಮೊದಲ ತಟ್ಟಿನಲ್ಲೇ ಮುಗಿಯಿತು, ಹಾಗಾದರೆ ಅರ್ಕಾವೊತ್ತು. ಚಕ್, ರ. ರಕಾರ ಎರಡನೇ ತಟ್ಟಿಗೆ ಬಂತು, ಹಾಗಾದರೆ ಅಕ್ಷರದ ಕೆಳಗೆ ಒತ್ತು. ಕಾರ್ಯ, ವರ್ಷ, ಮಾರ್ಗ, ದೀರ್ಘ ಒಂದು ಕಡೆ. ಪತ್ರ, ವಜ್ರ, ರಾತ್ರಿ, ಸಮುದ್ರ ಇನ್ನೊಂದು ಕಡೆ. ಎರಡೂ ಬಗೆಯನ್ನು ಬೆರೆಸಿ ಹೇಳಿ ಬರೆಸಬೇಕು. ಒಂದೇ ಬಗೆಯ ಪದಗಳನ್ನು ಸಾಲಾಗಿ ಕೊಟ್ಟರೆ ಮಗು ಯೋಚಿಸದೆ ಬರೆದುಬಿಡುತ್ತದೆ. ಬರೆದಾದ ಮೇಲೆ ಪುಸ್ತಕದಲ್ಲಿ ಇದ್ದುದನ್ನು ಇದ್ದ ಹಾಗೆಯೇ ಗಟ್ಟಿಯಾಗಿ ಓದಲಿ. 'ಸೂಯ್ರ' ಎಂದು ತನ್ನ ಬಾಯಲ್ಲೇ ಕೇಳಿದ ಮಗು ತಾನೇ ತಿದ್ದಿಕೊಳ್ಳುತ್ತದೆ.

ಮಹಾಪ್ರಾಣದ ತಪ್ಪುಗಳಿಗೂ ಹೀಗೆಯೇ ಕಾರಣ ಇದೆ. ಮನೆಯ ತುಳುವಿನಲ್ಲೋ ಬ್ಯಾರಿಯಲ್ಲೋ ಅಲ್ಪಪ್ರಾಣದಿಂದಲೇ ಕೆಲಸ ನಡೆಯುತ್ತದೆ, ಕಿವಿಗೆ ವ್ಯತ್ಯಾಸದ ಅಭ್ಯಾಸ ಇಲ್ಲ. ಕಿವಿಯನ್ನು ನಂಬಿ ಬರೆ ಎಂದರೆ ಆಗುವುದಿಲ್ಲ. ಅರ್ಥ, ಅನರ್ಥ, ಅರ್ಥಪೂರ್ಣ ಎಂದು ಒಂದೇ ಬಳಗದ ಪದಗಳನ್ನು ಒಟ್ಟಿಗೆ ಓದಿಸಿ ಕಣ್ಣಿಗೆ ಪರಿಚಯ ಮಾಡಿಸಬೇಕು.

ಹಿಂದಿಯ ಬಗ್ಗೆ ಒಂದೇ ಮಾತು. 'ಮೇರಾ ಕಿತಾಬ್' ಎಂದು ಬರೆದ ಮಗುವಿನ ಲೆಕ್ಕದಲ್ಲಿ ಪುಸ್ತಕ ನಪುಂಸಕಲಿಂಗ, ಗಂಡೂ ಅಲ್ಲ ಹೆಣ್ಣೂ ಅಲ್ಲ. ಹಿಂದಿಯಲ್ಲಿ ನಪುಂಸಕಲಿಂಗ ಇಲ್ಲ, ಕಿತಾಬ್ ಸ್ತ್ರೀಲಿಂಗ. ಹೊಸ ಪದ ಕಲಿಸುವಾಗಲೇ 'ಮೇರೀ ಕಿತಾಬ್', 'ಮೇರಾ ಘರ್' ಎಂದು ಜೋಡಿಯಾಗಿ ಕಲಿಸಿದರೆ ಆಮೇಲೆ ಲಿಂಗದ ಪಟ್ಟಿ ಉರುಹಚ್ಚುವ ಅಗತ್ಯ ಬರುವುದಿಲ್ಲ.

ಮಧ್ಯಾಹ್ನದ ಊಟದ ಹೊತ್ತು ಪಾಠದ ಹೊರಗಿನದ್ದು ಎಂದು ನಾವು ಎಣಿಸುತ್ತೇವೆ. ಆದರೆ ಅಡುಗೆಕೋಣೆಯಲ್ಲಿ ಒಳ್ಳೆಯ ಲೆಕ್ಕಗಳಿವೆ. ಕೇಂದ್ರದ ಮಧ್ಯಾಹ್ನದೂಟ ಯೋಜನೆಯ ಮಾನದಂಡದಂತೆ ಆರರಿಂದ ಎಂಟನೇ ತರಗತಿಯ ಒಂದು ಮಗುವಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆಕಾಳು, 75 ಗ್ರಾಂ ತರಕಾರಿ. ಐದನೇ ತರಗತಿಯ ತನಕದ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆಕಾಳು. ಆರನೇ ತರಗತಿಯ 40 ಮಕ್ಕಳಿಗೆ ಅಕ್ಕಿ 6 ಕಿಲೋ ಎಂದು ಎಲ್ಲರೂ ಹೇಳಿಯಾರು. ಹೆಸರುಕಾಳು ಎಷ್ಟು ಎಂದಾಗ 1200 ಗ್ರಾಂ, ಅಂದರೆ 1.2 ಕಿಲೋ. ಇದನ್ನು "ಒಂದು ಕಿಲೋ ಎರಡು ಗ್ರಾಂ" ಎಂದು ಓದುವ ಮಕ್ಕಳು ಸಿಗುತ್ತಾರೆ. ಬಿಂದುವನ್ನು ಅವರು ಎರಡು ಬೇರೆ ಬೇರೆ ಸಂಖ್ಯೆಗಳ ನಡುವಿನ ಗೋಡೆ ಎಂದುಕೊಂಡಿದ್ದಾರೆ. ಅಡುಗೆಯವರ ತಕ್ಕಡಿಯಲ್ಲಿ 200 ಗ್ರಾಂ ಕಾಳು ತೂಗಿ ತೋರಿಸಿ, ಪಕ್ಕದಲ್ಲಿ 2 ಗ್ರಾಂ ಎಂದರೆ ಒಂದು ಚಿಟಿಕೆಯಷ್ಟೇ ಎಂದು ಕೈಗೆ ಹಾಕಿ. ಬೋರ್ಡಿನ ವಿವರಣೆಗಿಂತ ಅದು ಬೇಗ ತಲೆಗೆ ಹೋಗುತ್ತದೆ.

ಊಟದ ನಂತರ ವಿಜ್ಞಾನ. ಹೊಟ್ಟೆ ತುಂಬಿದ ಮಕ್ಕಳಿಗೆ ಆ ಹೊತ್ತಿನಲ್ಲಿ ಪುಸ್ತಕ ಓದಿಸುವುದು ಇಬ್ಬರಿಗೂ ಶಿಕ್ಷೆ. ಕೈಕೆಲಸ ಇಟ್ಟುಕೊಳ್ಳಿ. ನಮ್ಮ ಮಣ್ಣಿನದ್ದೇ ಒಂದು ಪ್ರಯೋಗ ಇದೆ. ಒಂದು ಲೀಟರಿನ ಮೂರು ನೀರಿನ ಬಾಟಲಿಗಳನ್ನು ಮೇಲಿನ ಮೂರನೇ ಒಂದು ಭಾಗದಲ್ಲಿ ಕೊಯ್ದು, ಮೇಲಿನ ತುಂಡನ್ನು ಮಗುಚಿ ಕೆಳಗಿನದರ ಬಾಯಲ್ಲಿ ಕೂರಿಸಬೇಕು. ಕೊಯ್ಯುವ ಕೆಲಸ ಟೀಚರದ್ದೇ ಆಗಲಿ. ಬಾಟಲಿಯ ಬಾಯಿಗೆ ಎರಡು ಮಡಿಕೆ ಹತ್ತಿಬಟ್ಟೆ, ಮೇಲೆ ರಬ್ಬರ್ ಬ್ಯಾಂಡ್. ಒಂದರಲ್ಲಿ ಕಡಲ ಕರೆಯ ಹೊಯ್ಗೆ, ಅಂದರೆ ಮರಳು, ಒಂದರಲ್ಲಿ ಗದ್ದೆಯ ಜೇಡಿಮಣ್ಣು, ಒಂದರಲ್ಲಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಸಣ್ಣ ಜಲ್ಲಿ, ಮೂರೂ ಒಂದೇ ಲೋಟದ ಅಳತೆ. ಪ್ರತಿಯೊಂದಕ್ಕೂ 200 ಮಿಲಿಲೀಟರ್ ನೀರನ್ನು ನಡುಮಧ್ಯಕ್ಕೆ ನಿಧಾನವಾಗಿ ಹೊಯ್ದು, ಹತ್ತು ನಿಮಿಷದಲ್ಲಿ ಕೆಳಗೆ ಎಷ್ಟು ಇಳಿಯಿತು ಎಂದು ಅಳೆಯಬೇಕು.

ಇದು ಹಾಳಾಗುವುದು ಸಾಮಾನ್ಯವಾಗಿ ಮಳೆಗಾಲದಲ್ಲಿ. ಹೊಯ್ಗೆ ಒದ್ದೆ ಇದ್ದು ಜೇಡಿಮಣ್ಣು ಒಣಗಿದ್ದರೆ ಒಣಗಿದ್ದು ನೀರನ್ನು ತಾನೇ ಕುಡಿಯುತ್ತದೆ, ಹೋಲಿಕೆಗೆ ಅರ್ಥ ಇರುವುದಿಲ್ಲ. ಮೂರನ್ನೂ ಎರಡು ದಿನ ಮೊದಲೇ ಒಲೆಯ ಹತ್ತಿರ ಹರಡಿ ಒಣಗಿಸಿ. ನೀರನ್ನು ರಭಸದಿಂದ ಹೊಯ್ದರೆ ಅದು ಬಾಟಲಿಯ ಬದಿಯಲ್ಲಿ ದಾರಿ ಮಾಡಿಕೊಂಡು ಇಳಿಯುತ್ತದೆ, ಮಣ್ಣಿನ ಒಳಗೆ ಹೋಗುವುದೇ ಇಲ್ಲ. ಜೇಡಿಮಣ್ಣಿಗೆ ಹತ್ತು ನಿಮಿಷ ಸಾಲದು. ಶುಕ್ರವಾರ ಮಧ್ಯಾಹ್ನದ ವಿರಾಮ ದೀರ್ಘ ಇರುವುದರಿಂದ ಆ ದಿನ ವಿರಾಮಕ್ಕೆ ಮೊದಲು ಹೊಯ್ದಿಟ್ಟು ಬಂದ ಮೇಲೆ ಅಳೆಯುವುದು ಅನುಕೂಲ.

ಮಕ್ಕಳು ಗುಂಪಿನಲ್ಲಿ ಮಾತಾಡುವಾಗ ತುಳು, ಮಲೆಯಾಳ ಯಾವುದಾದರೂ ಇರಲಿ, ತಡೆಯಬೇಡಿ. ಯೋಚನೆ ಮನೆಮಾತಿನಲ್ಲಿ ಸಲೀಸಾಗಿ ಓಡುತ್ತದೆ. ಬರೆಯುವ ಹೊತ್ತಿಗೆ ಸುರಿ, ಸೋಸು, ಇಂಗು, ಹೀರು ಎಂಬ ನಾಲ್ಕು ಕನ್ನಡ ಪದಗಳನ್ನು ಬೋರ್ಡಿನಲ್ಲಿ ಇಟ್ಟರೆ ವಾಕ್ಯ ಅವರೇ ಕಟ್ಟುತ್ತಾರೆ.

ಅಳತೆ ಮುಗಿದಾಗ ಒಂದು ಉತ್ತರ ಹೆಚ್ಚುಕಡಿಮೆ ಖಂಡಿತ ಬರುತ್ತದೆ: 200 ಹೊಯ್ದು 150 ಸಿಕ್ಕಿದರೆ ಉಳಿದ 50 ಆವಿಯಾಯಿತು ಎಂದು. ನೀರು ಕಾಣದಾದರೆ ಆವಿಯಾಯಿತು ಎಂದು ಅವರು ಹಿಂದಿನ ತರಗತಿಯಲ್ಲಿ ಕಲಿತಿದ್ದಾರೆ, ಅದನ್ನೇ ಇಲ್ಲಿಗೂ ಹಚ್ಚುತ್ತಾರೆ. ಮತ್ತೆ ಅಡುಗೆಕೋಣೆಯ ತಕ್ಕಡಿಗೇ ಹೋಗಿ. ಮಣ್ಣಿದ್ದ ಮೇಲಿನ ತುಂಡನ್ನು ನೀರು ಹೊಯ್ಯುವ ಮೊದಲು ಮತ್ತು ನೀರು ಇಳಿದ ಮೇಲೆ ತೂಗಿ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ. ಹೆಚ್ಚುಕಡಿಮೆ 50 ಗ್ರಾಂ ತೂಕ ಹೆಚ್ಚಿರುತ್ತದೆ, ನೀರು ಮಣ್ಣಿನೊಳಗೇ ಇದೆ. ಇಲ್ಲಿಂದ ಸುರಂಗದ ಪಾಠಕ್ಕೆ ಒಂದೇ ಹೆಜ್ಜೆ. ಬಾಯಾರು, ಪಡ್ರೆಯ ಕಡೆ ಗುಡ್ಡಕ್ಕೆ ಅಡ್ಡಡ್ಡವಾಗಿ ಕೊರೆದ ಸುರಂಗಗಳಿಗೆ ನೀರು ಕೊಡುವುದು ಮುರಕಲ್ಲಿನ ಗುಡ್ಡ ಮಳೆಗಾಲದಲ್ಲಿ ಹಿಡಿದಿಟ್ಟುಕೊಂಡ ಇಂಥ ನೀರೇ. ನೆಲವನ್ನು ಹೊರಕ್ಕೆ ಸ್ವಲ್ಪ ಇಳಿಜಾರು ಬಿಟ್ಟಿರುವುದರಿಂದ ಪಂಪು ಇಲ್ಲದೆ ಹರಿದು ಬರುತ್ತದೆ. ಬಾಟಲಿಯ ಜಲ್ಲಿಗೂ ಗುಡ್ಡದೊಳಗಿನ ಗಟ್ಟಿ ಮುರಕಲ್ಲಿಗೂ ವ್ಯತ್ಯಾಸ ಇದೆ ಎಂಬುದನ್ನೂ ಹೇಳಬೇಕು.

ಸಮಾಜ ವಿಜ್ಞಾನದಲ್ಲಿ ಭೂಪಟವನ್ನು ಗೋಡೆಗೆ ನೇತುಹಾಕಿದ ದಿನದಿಂದ ಉತ್ತರ ಎಂದರೆ ಮೇಲೆ ಎಂದು ಮಕ್ಕಳು ತಿಳಿಯುತ್ತಾರೆ. ಕೆಲವರು ಮಾಡಿನ ಕಡೆ ಬೆರಳು ತೋರಿಸುತ್ತಾರೆ. ಭೂಪಟವನ್ನು ಇಳಿಸಿ ನೆಲದ ಮೇಲೆ ಹಾಸಿ. ಮಕ್ಕಳು ಪಡುವಣ ಕಡಲಿನ ಕಡೆ ಮುಖ ಮಾಡಿ ನಿಲ್ಲಲಿ. ಬಲಗೈ ಬಡಗು, ಮಂಜೇಶ್ವರದ ದಿಕ್ಕು. ಎಡಗೈ ತೆಂಕು, ಕಾಞಂಗಾಡು, ನೀಲೇಶ್ವರ. ಭೂಪಟವನ್ನೂ ಅದಕ್ಕೆ ಸರಿಯಾಗಿ ತಿರುಗಿಸಿ ಇಟ್ಟ ಮೇಲೆ, ಕೊಡಗಿನ ಬೆಟ್ಟದಿಂದ ಇಳಿದು ಕಾಸರಗೋಡಿನ ಬಳಿ ಕಡಲು ಸೇರುವ ಚಂದ್ರಗಿರಿ ಹೊಳೆಯನ್ನು ಒಬ್ಬರು ಬೆರಳಿನಿಂದ ಗೆರೆ ಎಳೆದು ತೋರಿಸಲಿ. ಜೋರು ಮಳೆಗೆ ಶೀಟಿನ ಮಾಡಿನ ಕೆಳಗೆ ಟೀಚರ ಸ್ವರ ಕೇಳುವುದಿಲ್ಲವಾದರೆ ಆ ಹೊತ್ತನ್ನು ಶಾಲೆಯಂಗಳದ ನಕ್ಷೆ ಬಿಡಿಸುವುದಕ್ಕೆ ಕೊಡಿ. ಗಂಟಲು ಹರಿದುಕೊಂಡು ಹೇಳಿದ ಪಾಠ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ.

ಕೊನೆಯ ಬೆಲ್ಲಿಗೆ ಮೊದಲು ಐದು ನಿಮಿಷ ಉಳಿಸಿಕೊಳ್ಳಿ. ಪ್ರತಿ ಮಗುವಿಗೂ ಒಂದು ಸಣ್ಣ ಚೀಟಿ, ಒಂದೇ ಲೆಕ್ಕ: ನಾಲ್ಕನೇ ಮೂರು ಭಾಗಕ್ಕೆ ಆರನೇ ಒಂದು ಭಾಗ ಕೂಡಿಸು. ಚೀಟಿಗಳನ್ನು ಸರಿ, ತಪ್ಪು ಎಂದು ಎರಡು ಮಾಡಬೇಡಿ, ಕಾರಣದ ಪ್ರಕಾರ ಬೇರೆ ಮಾಡಿ. ಹತ್ತನೇ ನಾಲ್ಕು ಬರೆದವರು ಇನ್ನೂ ಮೇಲಿನದ್ದನ್ನೂ ಕೆಳಗಿನದ್ದನ್ನೂ ಸೇರಿಸುತ್ತಿದ್ದಾರೆ, ಇವರಿಗೆ ಪಟ್ಟಿ ಮತ್ತೆ ಬೇಕು. ಹನ್ನೆರಡನೇ ನಾಲ್ಕು ಬರೆದವರಿಗೆ ಛೇದ ಹನ್ನೆರಡು ಆಗಬೇಕೆಂದು ಗೊತ್ತಾಗಿದೆ, ಅಂಶ ಬದಲಾಯಿಸುವುದು ಬಿಟ್ಟುಹೋಗಿದೆ. ಇವರ ಬಳಿ ಕುಳಿತು "ನಾಲ್ಕನೇ ಮೂರು ಎಂದರೆ ಪಟ್ಟಿಯಲ್ಲಿ ಎಷ್ಟು ಸೆಂಟಿಮೀಟರ್?" ಎಂದು ಕೇಳಿದರೆ ಒಂಬತ್ತು ಎಂದು ತಾವೇ ಹೇಳಿ ತಿದ್ದುತ್ತಾರೆ. ಇಪ್ಪತ್ತನಾಲ್ಕನೇ ಇಪ್ಪತ್ತೆರಡು ಬರೆದವರದು ತಪ್ಪೇ ಅಲ್ಲ, ಹನ್ನೆರಡನೇ ಹನ್ನೊಂದನ್ನೇ ಬೇರೆ ರೂಪದಲ್ಲಿ ಬರೆದಿದ್ದಾರೆ. ಕೆಂಪು ಶಾಯಿಯ ಗೆರೆ ಅಲ್ಲಿ ಬೀಳಬಾರದು.

ಸರಿ ಮಾಡಿದವರಿಗೆ ಮರುದಿನ ಅರ್ಧಕ್ಕೆ ಐದನೇ ಒಂದು ಕೂಡಿಸುವ ಲೆಕ್ಕ ಕೊಡಿ, ಅದೇ 12 ಸೆಂಟಿಮೀಟರಿನ ಪಟ್ಟಿಯ ಜತೆಗೆ. ಐದನೇ ಒಂದು ಎಂದರೆ 2.4 ಸೆಂಟಿಮೀಟರ್, ಗುರುತು ಹಾಕಲು ಪೇಚಾಟ. ಬೇರೆ ಉದ್ದದ ಪಟ್ಟಿ ಕೊಡಿ ಎಂದು ಅವರೇ ಕೇಳುತ್ತಾರೆ. ಎಷ್ಟು ಉದ್ದದ್ದು ಬೇಕು ಎಂದು ತಿರುಗಿ ಕೇಳಿ. ಹತ್ತು ಎಂಬ ಉತ್ತರ ಬಂದ ಮೇಲೆ ಸಮಛೇದದ ಸೂತ್ರವನ್ನು ಬೋರ್ಡಿನಲ್ಲಿ ಬರೆಯಬಹುದು.

ನಮಸ್ಕಾರ.