ಮಾಜಾಳಿಯ ಕಪ್ಪು ಗೆರೆಯಲ್ಲಿ ಮೂರು ಕಾಳು

ಇಲ್ಲಿ ನೋಡಿ. ಮರಳಿನ ಮೇಲೆ ಈ ಕಪ್ಪು ಗೆರೆ ಕಾಣಿಸುತ್ತಿದೆ ಅಲ್ವಾ? ಯಾರೋ ಇದ್ದಿಲ ಪುಡಿ ಚೆಲ್ಲಿಕೊಂಡು ಹೋದ ಹಾಗಿದೆ. ಇದಕ್ಕಾಗಿಯೇ ನಸುಕಿಗೆ ಶಿರಸಿ ಬಿಟ್ಟು, ದೇವಿಮನೆ ಘಟ್ಟ ಇಳಿದು, ಕಾರವಾರದಲ್ಲಿ ಕಾಳಿ ಸೇತುವೆ ದಾಟಿ ಮಾಜಾಳಿಗೆ ಬಂದಿದ್ದೇನೆ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಗುಡ್ಡ ಹತ್ತಿ ತಿಳಮಾತಿ ಎಂಬ ಕಡಲತೀರಕ್ಕೆ ಹೋಗುತ್ತಾರೆ. ಕೊಂಕಣಿಯಲ್ಲಿ ತೀಳ್ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಅಲ್ಲಿನ ಮರಳು ಕರಿ ಎಳ್ಳಿನ ಹಾಗೆಯೇ ಇದೆ. ನಾನು ಇವತ್ತು ಗುಡ್ಡದ ಈಚೆಗೇ ನಿಂತೆ. ಈ ಗೆರೆಯ ಕಪ್ಪಿನ ನಡುವೆ ಅಡಗಿರುವ, ಬಣ್ಣವೇ ಇಲ್ಲದ ಒಂದು ಕಾಳು ನನಗೆ ಬೇಕು. ಜಿರ್ಕಾನ್ ಎಂಬ ಖನಿಜ.

ಅಲೆ ಮೇಲೆ ಬರುವಾಗ ಎಲ್ಲವನ್ನೂ ಹೊತ್ತು ತರುತ್ತದೆ. ವಾಪಸ್ ಇಳಿಯುವಾಗ ಅದಕ್ಕೆ ಅಷ್ಟು ಬಲ ಇರುವುದಿಲ್ಲ. ಹಗುರ ಮರಳನ್ನು ಎಳೆದುಕೊಂಡು ಹೋಗುತ್ತದೆ, ಭಾರದ್ದನ್ನು ಬಿಟ್ಟು ಹೋಗುತ್ತದೆ. ಬಿಳಿ ಮರಳಿನ ಬೆಣಚು ನೀರಿಗಿಂತ 2.65 ಪಟ್ಟು ಭಾರ. ಗೆರೆಯ ಕಪ್ಪು ಕಾಳುಗಳು ಮ್ಯಾಗ್ನೆಟೈಟ್ ಮತ್ತು ಇಲ್ಮನೈಟ್ ಎಂಬ ಖನಿಜಗಳು. ಮ್ಯಾಗ್ನೆಟೈಟ್ 5.2 ಪಟ್ಟು. ಇಲ್ಮನೈಟ್ ಮತ್ತು ಜಿರ್ಕಾನ್ ಎರಡೂ ಸುಮಾರು 4.7 ಪಟ್ಟು. ಹಾಗಾಗಿ ಕಪ್ಪು ಕಾಳು ಕೂತ ಕಡೆ ಜಿರ್ಕಾನನ್ನೂ ಹುಡುಕಬೇಕು. ಮಳೆಗಾಲದ ಕಡಲು ದಡವನ್ನು ಕೊರೆದು ಹೋದ ಮೇಲೆ ಇಂಥ ಗೆರೆಗಳು ಜಾಸ್ತಿ ಕಾಣುತ್ತವೆ.

ಗೆರೆಯ ಮೇಲ್ಪದರದಿಂದ ಎರಡು ಮುಷ್ಟಿ ತೆಗೆದು ಸ್ಟೀಲ್ ಹರಿವಾಣಕ್ಕೆ ಹಾಕಿದೆ. ಇನ್ನು ಜಾಲಿಸುವ ಕೆಲಸ. ಅಮ್ಮ ಅಕ್ಕಿ ಜಾಲಿಸುವುದನ್ನು ನೋಡಿದ್ದೀರಿ ಅಲ್ವಾ? ಅದೇ ಕೈ, ಅದೇ ತಿರುಗಿಸುವಿಕೆ. ಅಲ್ಲಿ ಅಕ್ಕಿ ತೇಲಿ ಹೋಗಿ ಕಲ್ಲು ತಳದಲ್ಲಿ ಉಳಿಯುತ್ತದೆ. ಇಲ್ಲಿ ತಳದಲ್ಲಿ ಉಳಿಯುವ ಆ ಕಲ್ಲೇ ನಮಗೆ ಬೇಕು. ಅರ್ಧ ಗಂಟೆ ಆದ ಮೇಲೆ ಉಳಿದದ್ದು ಒಂದು ಚಮಚ.

ಕೊನೆಯ ಸಲ ಸಿಹಿನೀರಿನಲ್ಲೇ ತೊಳೆಯಿರಿ. ನಾನು ಮೊದಲ ವರ್ಷ ಕಡಲ ನೀರಿನಲ್ಲೇ ತೊಳೆದು ಒಣಗಿಸಿದ್ದೆ. ಲೆನ್ಸ್ ಇಟ್ಟು ನೋಡಿದರೆ ಚೌಕ ಚೌಕ ಹರಳುಗಳು, ಫಳಫಳ ಹೊಳೆಯುತ್ತಿದ್ದವು. ಒಂದು ವಾರ ಅವನ್ನು ಜೋಪಾನ ಮಾಡಿದೆ. ಒಂದು ಹನಿ ನೀರು ಬಿಟ್ಟಾಗ ಕರಗಿ ಹೋದವು. ಉಪ್ಪು! ಆ ದಿನ ತುಂಬ ಬೇಜಾರಾಗಿತ್ತು. ಆಮೇಲೆ ಕಣ್ಣಿಗೆ ಕಂಡದ್ದನ್ನು ಎರಡು ಬೇರೆ ದಾರಿಯಿಂದ ಪರೀಕ್ಷಿಸದೆ ನಾನು ಯಾವ ಕಾಳಿಗೂ ಹೆಸರಿಟ್ಟಿಲ್ಲ.

ಒಣಗಿದ ಮರಳಿನ ಮೇಲೆ ಹಳೆ ಸ್ಪೀಕರಿನ ಮ್ಯಾಗ್ನೆಟ್ ಹಿಡಿದೆ. ಅದಕ್ಕೆ ಪ್ಲಾಸ್ಟಿಕ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಅಂಟಿದ ಕಾಳು ಬಿಡಿಸಲು ಆಗುವುದಿಲ್ಲ. ಮ್ಯಾಗ್ನೆಟೈಟ್ ಹಾರಿ ಬಂದು ಮುಳ್ಳುಹಂದಿಯ ಹಾಗೆ ನಿಂತಿತು. ಇಲ್ಮನೈಟ್ ಇಷ್ಟಕ್ಕೆ ಜಗ್ಗುವುದಿಲ್ಲ, ಅದನ್ನು ಎತ್ತಲು ನಿಯೋಡಿಮಿಯಂ ಮ್ಯಾಗ್ನೆಟ್ ಬೇಕಾಯಿತು. ಉಳಿದ ಚಿಟಿಕೆಯಲ್ಲಿ ಹೆಚ್ಚಿನದು ಬೆಣಚು. ನಡುವೆ ದಾಳಿಂಬೆ ಬಣ್ಣದ ಒಂದೆರಡು ಕಾಳು, ಬಹುಶಃ ಗಾರ್ನೆಟ್.

ಈಗ ಲವಂಗದ ಎಣ್ಣೆ. ಹೌದು, ಹಲ್ಲುನೋವಿಗೆ ಹಚ್ಚುವ ಅದೇ ಎಣ್ಣೆ, ಮನೆಯಿಂದ ತಂದಿದ್ದೇನೆ. ಗಾಜಿನ ಮೇಲೆ ಉಳಿದ ಕಾಳು ಹರಡಿ, ಎರಡು ಹನಿ ಬಿಟ್ಟು, ಲೆನ್ಸಿನಲ್ಲಿ ನೋಡುತ್ತಿದ್ದೇನೆ. ನಿಧಾನಕ್ಕೆ ನೋಡಿ... ಬೆಣಚಿನ ಅಂಚುಗಳು ಮಾಸಿ ಮಾಸಿ ಕಾಣದಂತಾದವು. ಬೆಳಕು ಲವಂಗದ ಎಣ್ಣೆಯಲ್ಲಿ ಎಷ್ಟು ಬಾಗುತ್ತದೋ ಬೆಣಚಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಬಾಗುತ್ತದೆ. ಈ ಬಾಗುವಿಕೆಯ ಅಳತೆಗೆ ವಕ್ರೀಭವನ ಸೂಚ್ಯಂಕ ಅನ್ನುತ್ತಾರೆ. ಎಣ್ಣೆಯದು ಸುಮಾರು 1.53, ಬೆಣಚಿನದು 1.54. ಹಾಗಾಗಿ ಕಣ್ಣಿಗೆ ಎರಡರ ನಡುವಿನ ಗೆರೆಯೇ ಸಿಗುವುದಿಲ್ಲ. ಜಿರ್ಕಾನಿನದು 1.9ಕ್ಕಿಂತ ಜಾಸ್ತಿ. ಅದು ಎಣ್ಣೆಯಲ್ಲೂ ದಪ್ಪ ಕಪ್ಪು ಅಂಚು ಕಟ್ಟಿಕೊಂಡು ನಿಲ್ಲುತ್ತದೆ. ಇಲ್ಲಿ ಮೂರು ನಿಂತಿವೆ. ಒಂದಕ್ಕೆ ಎರಡೂ ತುದಿಯಲ್ಲಿ ಗೋಪುರದಂಥ ಮೊನೆ. ಉಳಿದೆರಡು ಸವೆದು ಗುಂಡಗಾಗಿವೆ.

ಕತ್ತಲಾದ ಮೇಲೆ ಎರಡನೇ ಪರೀಕ್ಷೆ. ಕಿರುತರಂಗದ ಅಲ್ಟ್ರಾವಯಲೆಟ್ ಟಾರ್ಚ್, 254 ನ್ಯಾನೋಮೀಟರ್. ಇದು ಕಣ್ಣಿಗೆ ಅಪಾಯ, ಅಲ್ಟ್ರಾವಯಲೆಟ್ ತಡೆಯುವ ಕನ್ನಡಕ ಇಲ್ಲದೆ ಹಚ್ಚಲೇಬೇಡಿ. ಚಿಪ್ಪಿನ ಚೂರೊಂದು ಬಿಳಿಯಾಗಿ ಮಿನುಗಿತು, ಬಲೆಯ ನೈಲಾನ್ ಎಳೆಯೊಂದು ನೀಲಿಯಾಗಿ. ಇವು ಸುಮ್ನೆ ದಾರಿ ತಪ್ಪಿಸುತ್ತವೆ. ಆ ಮೂರರಲ್ಲಿ ಎರಡು ಕಾಳು ಕೆಂಡದ ಹಾಗೆ ಹಳದಿ-ಕಿತ್ತಳೆಯಾಗಿ ಬೆಳಗಿದವು. ನನ್ನ ಕೈ ನಡುಗುತ್ತಿರುವುದು ವಿಡಿಯೋದಲ್ಲೇ ಕಾಣುತ್ತದೆ.

ಲೋಕದಲ್ಲಿ ಜಿರ್ಕಾನ್ ಬೇಕಾದಷ್ಟು ಇದೆ. ಆದರೆ ನನ್ನ ಹರಿವಾಣದಲ್ಲಿ ಸಿಕ್ಕಿದ್ದು ಮೂರೇ ಮೂರು, ಅದರಲ್ಲೂ ಬೆಳಗದ ಒಂದರ ಮೇಲೆ ಅನುಮಾನ. ಕಲ್ಲು ಪುಡಿಯಾದರೂ ಜಿರ್ಕಾನ್ ಉಳಿಯುತ್ತದೆ. ಅದರೊಳಗಿನ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತಾ ಹೋಗುತ್ತದೆ, ಆ ಲೆಕ್ಕದಿಂದಲೇ ಕಲ್ಲಿನ ವಯಸ್ಸು ಹೇಳುತ್ತಾರೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಒಂದು ಕಾಳಿಗೆ 440 ಕೋಟಿ ವರ್ಷ. ನಮ್ಮ ಕರ್ನಾಟಕದ ನೈಸ್ (gneiss) ಎಂಬ ಪಟ್ಟೆ ಪಟ್ಟೆ ಶಿಲೆಗಳಲ್ಲೂ 300 ಕೋಟಿ ವರ್ಷ ದಾಟಿದವು ಇವೆ. ನನ್ನ ಈ ಕಾಳುಗಳ ವಯಸ್ಸು ತಿಳಿಯಲು ಲ್ಯಾಬ್ ಬೇಕು.

ಇನ್ನೊಂದು ಮಾತು. ಕಪ್ಪು ಮರಳನ್ನು ಚೀಲಗಟ್ಟಲೆ ತುಂಬಬೇಡಿ. ಕಡಲತೀರದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇರಬಹುದು. ಅದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ, ಅದು ಅಣುಶಕ್ತಿ ಕಾನೂನಿನಡಿ ಬರುವ ವಸ್ತು. ಕಲಿಯುವುದಕ್ಕೆ ಒಂದು ಚಮಚ ಬೇಕಾದಷ್ಟಾಯಿತು.

ಬೆಳಿಗ್ಗೆ ಉಳಿದ ಮರಳನ್ನು ತೆಗೆದ ಜಾಗದಲ್ಲೇ ಸುರಿದು ಬಂದೆ. ರಂಪಣಿ ಬಲೆ ಎಳೆಯುತ್ತಿದ್ದವರು ಏನು ಸಿಕ್ಕಿತು ಎಂದು ಕೇಳಿದರು. ಲೆನ್ಸ್ ಅವರ ಕೈಗೇ ಕೊಟ್ಟೆ, ಒಬ್ಬೊಬ್ಬರಾಗಿ ನೋಡಿದರು. ಈಗ ಈ ಪುಟ್ಟ ಬಾಟಲಿಗೆ ಚೀಟಿ ಅಂಟಿಸುತ್ತಿದ್ದೇನೆ: ಮಾಜಾಳಿ, ಉಬ್ಬರದ ಗೆರೆಗಿಂತ ನಾಲ್ಕು ಹೆಜ್ಜೆ ಮೇಲೆ, ಕಪ್ಪು ಪದರ. ಜಿರ್ಕಾನ್ ಎರಡು. ಮೂರನೆಯದರ ಮುಂದೆ ಪ್ರಶ್ನಾರ್ಥಕ ಚಿಹ್ನೆ.