ಈ ನಕ್ಷೆಯ ‘ಈಗ’ ಎಷ್ಟು ಹಳೆಯದು?

ಎಲ್ಲರಿಗೂ ನಮಸ್ಕಾರ.

ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಹೊರಗೆ ಹೊರಡುವ ಮುನ್ನ ಮೊಬೈಲಿನಲ್ಲಿ ಹವಾಮಾನ ನಕ್ಷೆ ತೆರೆದು ನೋಡಿದೆ. ನಾನಿದ್ದ ಜಾಗದ ಮೇಲೆ ಯಾವ ಬಣ್ಣವೂ ಇರಲಿಲ್ಲ. ಮೂಲೆಯಲ್ಲಿ ‘ಈಗ’ ಎಂದು ಬರೆದಿತ್ತು. ಕೊಡೆಯನ್ನು ಬಾಗಿಲ ಹಿಂದೆಯೇ ಬಿಟ್ಟು ಹೊರಟೆ. ಹತ್ತೇ ನಿಮಿಷದಲ್ಲಿ ತೊಯ್ದು ತೊಪ್ಪೆಯಾದೆ. ಯಾವುದೋ ಸೂರಿನಡಿ ನಿಂತು ಮತ್ತೆ ಮೊಬೈಲ್ ತೆಗೆದರೆ ನಕ್ಷೆ ಆಗಲೂ ಬೋಳಾಗಿಯೇ ಇತ್ತು, ‘ಈಗ’ ಎಂಬ ಮಾತೂ ಹಾಗೆಯೇ ಇತ್ತು. ಸಿಟ್ಟು ಬಂತು. ಸುಮಾರು ದಿನಗಳ ಮೇಲೆ ಅರ್ಥವಾಯಿತು: ಆ ಸಂಜೆ ನಾನು ನೋಡಿದ್ದು ಮಳೆಯ ಚಿತ್ರವೇ ಅಲ್ಲ. ಯಾವುದೋ ಕಂಪ್ಯೂಟರ್ ಬೆಳಿಗ್ಗೆಯೇ ಕುಳಿತು, ಸಂಜೆ ಹೀಗಿರಬಹುದು ಎಂದು ಹಾಕಿದ್ದ ಲೆಕ್ಕ ಅದು. ಇದನ್ನು ಕಂಡವರು ಯಾರು, ಎಲ್ಲಿಂದ ಕಂಡರು, ಎಷ್ಟು ಹೊತ್ತಿಗೆ ಕಂಡರು ಎಂದು ನಾನು ಕೇಳಿಕೊಂಡಿರಲಿಲ್ಲ. ಇಂದಿನ ಮಾತೆಲ್ಲ ಆ ಮೂರು ಪ್ರಶ್ನೆಗಳ ಸುತ್ತಲೇ ಇರುತ್ತದೆ.

ಹವಾಮಾನ ನಕ್ಷೆ ಹುಟ್ಟಿದ್ದೇ ತಡವಾದ ಸುದ್ದಿಯಾಗಿ. ಜರ್ಮನಿಯ ಹೈನ್ರಿಶ್ ಬ್ರಾಂಡೆಸ್ ಯುರೋಪಿನ ಹವಾಮಾನವನ್ನು ಮೊದಲ ಬಾರಿಗೆ ನಕ್ಷೆಗೆ ಇಳಿಸಲು ಕುಳಿತಾಗ ಅವನ ಕೈಯಲ್ಲಿದ್ದದ್ದು 1783ರ ಅಂಕಿಅಂಶಗಳು. ಅಷ್ಟು ಹೊತ್ತಿಗೆ ಆ ಗಾಳಿ ಬೀಸಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಟೆಲಿಗ್ರಾಫ್ ಬಂದ ಮೇಲೆ ಈ ಅಂತರ ಗಂಟೆಗಳಿಗೆ ಇಳಿಯಿತು, ಏಕೆಂದರೆ ಮೊದಲ ಬಾರಿಗೆ ಸುದ್ದಿ ಮೋಡಕ್ಕಿಂತ ವೇಗವಾಗಿ ಓಡತೊಡಗಿತು. 1875ರ ಏಪ್ರಿಲ್ 1ರಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಫ್ರಾನ್ಸಿಸ್ ಗಾಲ್ಟನ್ ಹವಾಮಾನ ನಕ್ಷೆ ಪ್ರಕಟಿಸಿದಾಗ ಅದರಲ್ಲಿದ್ದದ್ದು ಹಿಂದಿನ ದಿನದ ಸ್ಥಿತಿ. ಓದುಗರಿಗೆ ಅದು ಗೊತ್ತಿತ್ತು, ನಕ್ಷೆಯ ಮೇಲೆ ತಾರೀಖೂ ಇತ್ತು. ಇವತ್ತಿನ ನಕ್ಷೆಯಲ್ಲಿ ಬೆರಳಿಟ್ಟರೆ ನಾಡು ಹಿಗ್ಗುತ್ತದೆ, ಗಾಳಿ ಹರಿಯುತ್ತದೆ, ಮೋಡ ತೇಲುತ್ತದೆ. ಕದಲುವುದೆಲ್ಲ ಜೀವಂತವೆಂದು ನಂಬುವುದು ಕಣ್ಣಿನ ಸ್ವಭಾವ. ಹಾಗಾಗಿ ಹೊತ್ತನ್ನು ನೋಡುವುದನ್ನೇ ಮರೆಯುತ್ತೇವೆ.

ಈ ನಕ್ಷೆಗಳು ಒಂದರ ಮೇಲೊಂದು ಹಾಸಿದ ತೆಳು ಹಾಳೆಗಳ ಹಾಗೆ. ಕೆಳಗೆ ರಸ್ತೆ, ನದಿ, ಊರಿನ ಹೆಸರು. ಅದರ ಮೇಲೆ ರೇಡಾರ್ ಪದರ, ಉಪಗ್ರಹದ ಪದರ, ಗಾಳಿಯ ಪದರ, ಉಷ್ಣಾಂಶದ ಪದರ. ನೋಡುವವರಿಗೆ ಒಂದೇ ಚಿತ್ರ, ಆದರೆ ಒಂದೊಂದು ಹಾಳೆಯೂ ಒಂದೊಂದು ಊರಿನಿಂದ ಬಂದದ್ದು, ಒಂದೊಂದಕ್ಕೂ ಬೇರೆ ವಯಸ್ಸು.

ಮಳೆ ಎಲ್ಲಿ ಬೀಳುತ್ತಿದೆ ಎಂದು ತಿಳಿಯಬೇಕಾದವರು ಹುಡುಕಬೇಕಾದದ್ದು ರೇಡಾರ್ ಪದರವನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಹುಡುಕುತ್ತಿದ್ದವರ ಪರದೆಯ ಮೇಲೆ ಮಳೆ ಬಂದು ಅಡ್ಡಿಮಾಡುತ್ತಿತ್ತು. ಅವರಿಗೆ ಕಸವಾಗಿದ್ದದ್ದೇ ಹವಾಮಾನದವರಿಗೆ ಕಸುಬಾಯಿತು. ರೇಡಾರ್ ಒಂದು ಅಲೆಯನ್ನು ಕಳುಹಿಸುತ್ತದೆ, ಹನಿಗಳಿಗೆ ತಾಗಿ ಮರಳುವ ದನಿಯನ್ನು ಅಳೆಯುತ್ತದೆ. ಮರಳಿ ಬರುವ ದನಿಯ ಬಲ ಹನಿಯ ವ್ಯಾಸದ ಆರನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಎರಡು ಪಟ್ಟಾದರೆ ದನಿ ಅರವತ್ತನಾಲ್ಕು ಪಟ್ಟಾಗುತ್ತದೆ ಎಂದರೆ ಇದರ ತೀವ್ರತೆ ತಿಳಿಯುತ್ತದೆ. ಕೆಲವೇ ದಪ್ಪ ಹನಿಗಳು, ಅಥವಾ ಒಂದಿಷ್ಟು ಆಲಿಕಲ್ಲು, ನಕ್ಷೆಯನ್ನು ಕಡುಗೆಂಪು ಮಾಡಿಬಿಡಬಲ್ಲವು. ಸಣ್ಣ ಹನಿಗಳ ಜಿಟಿಜಿಟಿ ಮಳೆ ದಿನವಿಡೀ ಸುರಿದರೂ ತಿಳಿಹಸಿರು ದಾಟದೆ ಉಳಿಯಬಹುದು.

ರೇಡಾರ್ ಕಣ್ಣಿಗೂ ಮಿತಿಯಿದೆ. ಅದರ ಕಿರಣ ನೆಲಕ್ಕೆ ಅರ್ಧ ಡಿಗ್ರಿ ಮೇಲೆತ್ತಿ ಹೊರಟಿತು ಎನ್ನಿ. ಭೂಮಿ ಗುಂಡಗಿರುವುದರಿಂದ ದೂರ ಹೋದಷ್ಟೂ ನೆಲ ಕೆಳಗೆ ಜಾರುತ್ತದೆ. ನೂರು ಕಿಲೋಮೀಟರ್ ಆಚೆ ಆ ಕಿರಣ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ, ಇನ್ನೂರು ಕಿಲೋಮೀಟರ್ ಆಚೆ ನಾಲ್ಕು ಕಿಲೋಮೀಟರಿಗೂ ಮೇಲೆ. ನೀವು ರೇಡಾರಿನಿಂದ ದೂರವಿದ್ದರೆ ಅದು ನಿಮ್ಮ ತಲೆಯ ಮೇಲಿನ ಮಳೆಯನ್ನು ನೋಡುವುದಿಲ್ಲ, ಅದಕ್ಕೂ ಎಷ್ಟೋ ಮೇಲಿರುವ ಮೋಡದ ನಡುವನ್ನು ನೋಡುತ್ತದೆ. ತಗ್ಗಿನ ಮೋಡದಿಂದ ಸುರಿಯುವ ಸೋನೆ ಅದಕ್ಕೆ ಕಾಣುವುದೇ ಇಲ್ಲ. ತದ್ವಿರುದ್ಧವೂ ಉಂಟು: ಮೇಲೆ ಮಳೆ ಹೊರಟು, ಒಣಹವೆಯಲ್ಲಿ ಆರಿಹೋಗಿ, ನೆಲಕ್ಕೆ ಒಂದು ಹನಿಯೂ ತಲುಪದೆ ಇರಬಹುದು. ಬೆಟ್ಟ ಅಡ್ಡ ಬಂದರೆ ಅದರ ಹಿಂದೆ ಕುರುಡು. ಮುಸ್ಸಂಜೆ ಹೊತ್ತು ಹಕ್ಕಿಗಳೂ ಕೀಟಗಳೂ ಗುಂಪಾಗಿ ಏಳುವಾಗ ಅವೂ ನಕ್ಷೆಯ ಮೇಲೆ ಬಣ್ಣವಾಗುತ್ತವೆ. ಕೆಲವೊಮ್ಮೆ ರೇಡಾರ್ ಕೇಂದ್ರದಿಂದ ಹೊರಟ ಸೂಜಿಯಂಥ ನೇರ ಗೆರೆ ಕಂಡರೆ ಅದು ಮಳೆಯಲ್ಲ, ಹತ್ತಿರದ ಕಂಪನಾಂಕದಲ್ಲಿ ಮಾತನಾಡುತ್ತಿರುವ ಯಾವುದೋ ವೈಫೈ. ಮೋಡ ಗೆರೆ ಎಳೆದ ಹಾಗೆ ನೇರವಾಗಿರುವುದಿಲ್ಲ.

ಇನ್ನೊಂದು ಮಾತು. ರೇಡಾರ್ ವ್ಯಾಪ್ತಿಯೇ ಇಲ್ಲದ ಪ್ರದೇಶವನ್ನೂ ಹಲವು ನಕ್ಷೆಗಳು ಖಾಲಿಯಾಗಿಯೇ ತೋರಿಸುತ್ತವೆ. ‘ಮಳೆಯಿಲ್ಲ’ ಮತ್ತು ‘ನೋಡಿದವರಿಲ್ಲ’ ಎರಡಕ್ಕೂ ಒಂದೇ ಬಣ್ಣ! ಒಳ್ಳೆಯ ನಕ್ಷೆಗಳು ವ್ಯಾಪ್ತಿಯ ಗಡಿಯನ್ನು ಬೂದುಬಣ್ಣದಲ್ಲಿ ಗುರುತಿಸುತ್ತವೆ. ಆ ಸೌಜನ್ಯವಿಲ್ಲದ ನಕ್ಷೆಯನ್ನು ನಾನು ಬಳಸುವುದಿಲ್ಲ.

ರೇಡಾರ್ ಇಲ್ಲದ ಕಡೆ ಉಪಗ್ರಹವೇ ಗತಿ. ಭೂಸ್ಥಿರ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, ನೆಲದ ಜೊತೆಗೇ ತಿರುಗುತ್ತ ಒಂದೇ ಕಡೆ ನೋಡುತ್ತಿರುತ್ತವೆ. ಜಪಾನಿನ ಹಿಮವಾರಿ ಉಪಗ್ರಹ ತನ್ನ ಕಣ್ಣಿಗೆ ಬೀಳುವ ಅರ್ಧಗೋಳವನ್ನು ಹತ್ತು ನಿಮಿಷಕ್ಕೊಮ್ಮೆ ಪೂರ್ತಿ ಚಿತ್ರಿಸುತ್ತದೆ. ಹಗಲಿನ ಚಿತ್ರ ಬಿಸಿಲಿನಲ್ಲಿ ತೆಗೆದ ಫೋಟೋ ಇದ್ದಂತೆ. ರಾತ್ರಿಗೆ ಅತಿಗೆಂಪು ಚಿತ್ರ. ಅದು ಮೋಡದ ನೆತ್ತಿಯ ಉಷ್ಣಾಂಶವನ್ನು ಅಳೆಯುತ್ತದೆ. ಎತ್ತರ ಹೋದಷ್ಟೂ ತಂಪು, ತಂಪಾದಷ್ಟೂ ಬಿಳುಪು. ಇಲ್ಲಿ ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆ ಅಕ್ಷರಶಃ ಸತ್ಯ. ತೀರ ಎತ್ತರದಲ್ಲಿ ಹಿಮದ ಹರಳುಗಳಿಂದಾದ ತೆಳುಮೋಡ ಅಚ್ಚಬಿಳುಪಾಗಿ ಕಾಣುತ್ತದೆ, ಹನಿಯೂ ಸುರಿಸುವುದಿಲ್ಲ. ತಗ್ಗಿನಲ್ಲಿರುವ ಮಳೆಮೋಡ ನೆಲದಷ್ಟೇ ಬೆಚ್ಚಗಿದ್ದು ಮಸುಕಾಗಿ ಕಣ್ಣು ತಪ್ಪಿಸುತ್ತದೆ. ಗುಡುಗುಮೋಡವನ್ನು ಗುರುತಿಸಬೇಕಾದರೆ ಬಿಳುಪಿಗಿಂತ ಅದು ಹಿಗ್ಗುವ ಪರಿಯನ್ನು ನೋಡಿ. ಅರ್ಧ ಗಂಟೆಯ ಚಿತ್ರಗಳನ್ನು ಓಡಿಸಿದಾಗ ಒಂದು ಚುಕ್ಕೆ ಹಾಲು ಉಕ್ಕುವಂತೆ ಉಬ್ಬುತ್ತಿದ್ದರೆ ಅಲ್ಲಿ ಏನೋ ನಡೆಯುತ್ತಿದೆ.

ಈಗ ನನ್ನನ್ನು ನೆನೆಸಿದ ಪದರಕ್ಕೆ ಬರುತ್ತೇನೆ. ವಿಂಡಿ, ವೆಂಟುಸ್ಕೈ, ಅರ್ಥ್ ನಲ್‌ಸ್ಕೂಲ್ ಮುಂತಾದ ನಕ್ಷೆಗಳಲ್ಲಿ ರೇಷ್ಮೆ ಎಳೆಗಳಂತೆ ಹರಿಯುವ ಗಾಳಿಯನ್ನು ನೀವೆಲ್ಲ ನೋಡಿರುತ್ತೀರಿ. ನನಗೂ ಅದನ್ನು ನೋಡುತ್ತ ಕುಳಿತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಆದರೆ ಆ ಎಳೆಗಳನ್ನು ಯಾರೂ ಕಂಡಿಲ್ಲ. ಅವು ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯುಎಫ್ ಮುಂತಾದ ಗಣಕ ಮಾದರಿಗಳ ಲೆಕ್ಕಾಚಾರ. ಜಿಎಫ್‌ಎಸ್ ದಿನಕ್ಕೆ ನಾಲ್ಕು ಬಾರಿ ಲೆಕ್ಕಕ್ಕೆ ಕೂರುತ್ತದೆ. ಜಗತ್ತಿನಾದ್ಯಂತದ ಅಳತೆಗಳನ್ನು ಒಟ್ಟುಮಾಡಿ, ಲೆಕ್ಕ ಮುಗಿಸಿ, ಫಲಿತಾಂಶ ನಿಮ್ಮ ಪರದೆಗೆ ಬರಲು ಕೆಲವು ಗಂಟೆಗಳು ಹಿಡಿಯುತ್ತವೆ. ಹಾಗಾಗಿ ಈ ಪದರದ ‘ಈಗ’ ಎಂದರೆ ನಿನ್ನೆ ರಾತ್ರಿಯೋ ಇಂದು ಬೆಳಿಗ್ಗೆಯೋ ಮಾಡಿದ ಮುನ್ಸೂಚನೆಯಲ್ಲಿ ಈ ಗಂಟೆಯ ಪಾಲು. ಅದು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ದೊಡ್ಡ ವಾಯುಭಾರ ಕುಸಿತ, ಸಾಗರದ ಮೇಲಿನ ಗಾಳಿ, ನಾಳೆ ನಾಡಿದ್ದಿನ ಮಳೆಯ ಒಟ್ಟು ಒಲವು ಇವನ್ನೆಲ್ಲ ಅದು ಚೆನ್ನಾಗಿಯೇ ಹೇಳುತ್ತದೆ. ತೊಡಕಿರುವುದು ಸಣ್ಣದರಲ್ಲಿ. ಮಾದರಿಗಳು ನೆಲವನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತವೆ; ಯುರೋಪಿನ ಮಾದರಿಯ ಚೌಕಗಳು ಸುಮಾರು ಒಂಬತ್ತು ಕಿಲೋಮೀಟರ್ ಅಗಲದವು. ಒಂದು ಬಿಡಿ ಗುಡುಗುಮೋಡ ಕೆಲವೇ ಕಿಲೋಮೀಟರ್ ಅಗಲವಿದ್ದು, ಒಂದು ಗಂಟೆಯೊಳಗೆ ಹುಟ್ಟಿ ಸುರಿದು ಸಾಯಬಹುದು. ಜರಡಿಯ ಕಣ್ಣಿಗಿಂತ ಸಣ್ಣ ಕಾಳು ಜರಡಿಯಲ್ಲಿ ನಿಲ್ಲುವುದಿಲ್ಲ. ನೀವು ನಕ್ಷೆಯನ್ನು ಹಿಗ್ಗಿಸಿ ನಿಮ್ಮ ಮನೆಯ ಮಾಳಿಗೆಯವರೆಗೂ ಹೋಗಬಹುದು. ಹಿಗ್ಗುವುದು ರಸ್ತೆಯ ಹಾಳೆ ಮಾತ್ರ, ಹವಾಮಾನದ ಹಾಳೆ ಅದೇ ಒಂಬತ್ತು ಕಿಲೋಮೀಟರಿನ ಚೌಕವನ್ನು ನುಣ್ಣಗೆ ಸವರಿ ತೋರಿಸುತ್ತಿರುತ್ತದೆ.

ನಕ್ಷೆಯ ಮೇಲೆ ಚುಕ್ಕೆಗಳಾಗಿ ಕಾಣುವ ಹವಾಮಾನ ಕೇಂದ್ರಗಳು ನಿಜವಾದ ಅಳತೆ. ವಿಮಾನ ನಿಲ್ದಾಣದ ವರದಿ ಸಾಮಾನ್ಯವಾಗಿ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಬರುತ್ತದೆ. ಅಲ್ಲಿ ಗಾಳಿಯ ವೇಗ ನಾಟ್‌ಗಳಲ್ಲಿರುತ್ತದೆ; ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಖಾಸಗಿಯವರು ಮನೆಯ ಮೇಲೆ ಇಟ್ಟ ಯಂತ್ರಗಳೂ ಇವುಗಳ ನಡುವೆ ಇರುತ್ತವೆ. ಸುತ್ತಲಿನ ಎಲ್ಲ ಚುಕ್ಕೆಗಳಿಗಿಂತ ಒಂದು ಮಾತ್ರ ಐದು ಡಿಗ್ರಿ ಹೆಚ್ಚು ತೋರಿಸುತ್ತಿದ್ದರೆ ಅಲ್ಲಿ ಬಿಸಿಗಾಳಿ ಬೀಸುತ್ತಿದೆ ಎಂದುಕೊಳ್ಳಬೇಡಿ. ಬಹುಶಃ ಯಾರೋ ಉಷ್ಣಮಾಪಕವನ್ನು ಬಿಸಿಲು ಬೀಳುವ ಗೋಡೆಗೆ ಹೊಡೆದಿದ್ದಾರೆ.

ಎಲ್ಲಕ್ಕಿಂತ ತಾಜಾ ಪದರ ಮಿಂಚಿನದು. ಪ್ರತಿ ಮಿಂಚೂ ಒಂದು ರೇಡಿಯೊ ಸಿಡಿತವನ್ನು ಹೊಮ್ಮಿಸುತ್ತದೆ. ಬ್ಲಿಟ್ಸೊರ್ಟುಂಗ್ ಎಂಬ ಸ್ವಯಂಸೇವಕರ ಜಾಲದಲ್ಲಿ ಹಲವು ಊರುಗಳ ಗ್ರಾಹಕಗಳು ಆ ಸಿಡಿತ ತಮಗೆ ತಲುಪಿದ ಕ್ಷಣವನ್ನು ದಾಖಲಿಸುತ್ತವೆ, ಆ ಕ್ಷಣಗಳ ವ್ಯತ್ಯಾಸದಿಂದ ಜಾಗ ಗೊತ್ತಾಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಚುಕ್ಕೆ ನಕ್ಷೆಗೆ ಬರುತ್ತದೆ. ದೂರದ ಮಿಂಚಾದರೆ ಮೊದಲು ನಕ್ಷೆಯಲ್ಲಿ ಚುಕ್ಕೆ, ಆಮೇಲೆ ಕಿವಿಗೆ ಗುಡುಗು. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡು ಬೇಕು. ಗುಡುಗು ಕೇಳಿಸಿದರೆ ಮಾತ್ರ ನಕ್ಷೆ ನೋಡುತ್ತ ನಿಲ್ಲಬೇಡಿ, ಒಳಗೆ ಹೋಗಿ. ಕೇಳಿಸುವಷ್ಟು ಹತ್ತಿರವಿರುವ ಮೋಡ ಸಿಡಿಲು ಹೊಡೆಯುವಷ್ಟೂ ಹತ್ತಿರವಿದೆ.

ಇಷ್ಟನ್ನು ಇಟ್ಟುಕೊಂಡು ಮಳೆ ಯಾವಾಗ ಬರುತ್ತದೆ ಎಂದು ನಾವೇ ಅಂದಾಜು ಮಾಡಬಹುದು. ರೇಡಾರ್ ಚಿತ್ರಗಳನ್ನು ಅರ್ಧ ಗಂಟೆ ಹಿಂದಿನಿಂದ ಓಡಿಸಿ. ಮಳೆಯ ಅಂಚು ನಿಮ್ಮತ್ತ ಹದಿನೈದು ಕಿಲೋಮೀಟರ್ ಸರಿದಿದೆ ಎನ್ನಿ, ಅಂದರೆ ಗಂಟೆಗೆ ಮೂವತ್ತು. ಕೊನೆಯ ಚಿತ್ರದಲ್ಲಿ ಅದು ನಲವತ್ತು ಕಿಲೋಮೀಟರ್ ದೂರದಲ್ಲಿದೆ. ಎಂಬತ್ತು ನಿಮಿಷವಿದೆ ಎಂದು ಕೊಡೆ ಮರೆತು ಹೊರಡಬೇಡಿ. ಆ ಚಿತ್ರದ ಹೊತ್ತು ನೋಡಿ. ಅದು ಹತ್ತು ನಿಮಿಷ ಹಳೆಯದಾಗಿದ್ದರೆ ಮಳೆ ಆಗಲೇ ಐದು ಕಿಲೋಮೀಟರ್ ಹತ್ತಿರ ಬಂದಿದೆ, ಉಳಿದದ್ದು ಎಪ್ಪತ್ತು ನಿಮಿಷ. ಕೆಲವು ನಕ್ಷೆಗಳು ಹೊತ್ತನ್ನು ಯುಟಿಸಿ ಎಂಬ ಜಾಗತಿಕ ಗಡಿಯಾರದಲ್ಲಿ ಬರೆಯುತ್ತವೆ, ನಿಮ್ಮ ಊರಿನ ವ್ಯತ್ಯಾಸವನ್ನು ಕೂಡಿಸಿಯೋ ಕಳೆದೋ ಓದಬೇಕು. ಮೋಡ ಸಾಗುವ ದಿಕ್ಕನ್ನು ನೆಲದ ಗಾಳಿಯಿಂದ ಊಹಿಸಬೇಡಿ. ಅದನ್ನು ಸಾಗಿಸುವುದು ಸುಮಾರು ಮೂರು ಕಿಲೋಮೀಟರ್ ಎತ್ತರದ ಗಾಳಿ. ನಕ್ಷೆಗಳು ಎತ್ತರವನ್ನು ಗಾಳಿಯ ಒತ್ತಡದಿಂದ ಹೆಸರಿಸುತ್ತವೆ; 700 ಹೆಕ್ಟೊಪಾಸ್ಕಲ್ ಎಂದು ಆಯ್ದುಕೊಂಡರೆ ಆ ಗಾಳಿ ಕಾಣುತ್ತದೆ. ಉದ್ದನೆಯ ಮಳೆಪಟ್ಟಿಯ ವಿಷಯದಲ್ಲಿ ಈ ಲೆಕ್ಕ ಒಂದೆರಡು ಗಂಟೆ ನಡೆಯುತ್ತದೆ. ಬಿಡಿಬಿಡಿಯಾದ ಗುಡುಗುಮೋಡಗಳಲ್ಲಿ ಒಂದು ಗಂಟೆಯ ಆಚೆ ನಾನೇ ನಂಬುವುದಿಲ್ಲ. ಬರಬೇಕಾದ ಮೋಡ ದಾರಿಯಲ್ಲೇ ಕರಗಿ, ಯಾರೂ ಕಾಯದಿದ್ದ ಹೊಸ ಮೋಡ ನೆತ್ತಿಯ ಮೇಲೆಯೇ ಹುಟ್ಟುವುದುಂಟು.

ಮಾತು ಸಾಕು. ದೀಪ ಸ್ವಲ್ಪ ಆರಿಸಿದರೆ ಪರದೆಯ ಮೇಲೆ ಒಂದು ರೇಡಾರ್ ನಕ್ಷೆ ತೆರೆಯುತ್ತೇನೆ. ಆಗಲೇ ಕೆಲವರು ಕೆಂಪು ಬಣ್ಣದ ಕಡೆ ಬೆರಳು ತೋರಿಸುತ್ತಿದ್ದೀರಿ. ಅದಕ್ಕೆ ಮೊದಲು, ಮುಂದಿನ ಸಾಲಿನವರು ಯಾರಾದರೂ ಕೆಳಗಿನ ಮೂಲೆಯಲ್ಲಿ ಎಷ್ಟು ಗಂಟೆ ಎಂದು ಬರೆದಿದೆಯೋ ಓದಿ ಹೇಳಿ.